ಬಚ್ಚಲಿನ ಪರದೆ: ಪ್ಲಾಸ್ಟಿಕ್ ಬಿಡಿ, ಬಟ್ಟೆಯದು ತನ್ನಿ

ಸಂಪಾದಕರೇ,

ಮನೆ ಅಲಂಕಾರದ ಬಗ್ಗೆ ಬರೆಯುವವರು ಬಾತ್‌ರೂಮಿನ ಪರದೆಗೆ ಬಂದರೆ ಬಣ್ಣ, ಹೂವಿನ ಡಿಸೈನು ಅಂತ ಹೇಳಿ ಮುಗಿಸಿಬಿಡುತ್ತಾರೆ. ಅದೇ ಪರದೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಅಂಚಿನಿಂದ ಕಪ್ಪಾಗುತ್ತಾ ಬರುತ್ತದಲ್ಲ, ಆ ಮಾತು ಯಾರೂ ಎತ್ತುವುದಿಲ್ಲ. ಬಾಡಿಗೆ ಮನೆಗೆ ಗಾಜಿನ ಬಾಗಿಲು ಹಾಕಿಸಲು ಆಗದ ನಮ್ಮಂಥವರಿಗೆ ಪರದೆಯೇ ಗತಿ, ಅದಕ್ಕೇ ಈ ಪತ್ರ.

ಮೊದಲನೆಯದಾಗಿ, ಪ್ಲಾಸ್ಟಿಕ್ ಬೇಡ. ಪ್ಯಾಕೆಟ್ ಬಿಚ್ಚಿದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಇದ್ದರೆ ಅದು ಹೆಚ್ಚಾಗಿ ಪಿವಿಸಿ ಅನ್ನುವ ಪ್ಲಾಸ್ಟಿಕ್. ವರ್ಷ ಕಳೆಯುವುದರೊಳಗೆ ಗಡುಸಾಗಿ ಮಡಿಕೆಯಲ್ಲೇ ಸೀಳುತ್ತದೆ, ಎಸೆಯುವುದೊಂದೇ ದಾರಿ. ಊರ ಕಡೆ ಇಂಥದ್ದನ್ನೆಲ್ಲ ಹಂಡೆ ಒಲೆಗೆ ತುರುಕುವವರಿದ್ದಾರೆ, ದಯವಿಟ್ಟು ಬೇಡ, ಪಿವಿಸಿ ಸುಟ್ಟರೆ ಬರುವುದು ವಿಷದ ಹೊಗೆ. ಹತ್ತಿಯದು ನೋಡಲು ಚೆಂದ, ಆದರೆ ನೀರು ಕುಡಿದು ಭಾರವಾಗಿ ನೇತಾಡುತ್ತದೆ, ಮಲೆನಾಡು-ಕರಾವಳಿಯ ಮಳೆಯಲ್ಲಂತೂ ಒಣಗುವ ಮಾತೇ ಇಲ್ಲ. ಒತ್ತಾಗಿ ನೇಯ್ದ ಸಾದಾ ಪಾಲಿಯೆಸ್ಟರ್ ಸಾಕು. ನಾಲ್ಕು ಹನಿ ನೀರು ಚಿಮುಕಿಸಿ, ಮುತ್ತಿನ ಹಾಗೆ ಉರುಳಿಹೋದರೆ ಒಳ್ಳೆಯ ಬಟ್ಟೆ.

ಇನ್ನು ಅಳತೆ. ಲೈನರ್, ಅಂದರೆ ಪರದೆಯ ಒಳಬದಿಗೆ ನೀರು ತಡೆಯಲು ಹಾಕುವ ಇನ್ನೊಂದು ಪರದೆ, ಅಮೆರಿಕದಂಥ ಕಡೆ ಬಾತ್‌ಟಬ್ಬಿಗೆ ಅಂತ ಬಂದ ವಸ್ತು. ಚೆಂದದ ಪರದೆ ಟಬ್ಬಿನ ಹೊರಗೆ, ಲೈನರ್ ಟಬ್ಬಿನ ಒಳಗೆ. ಅದಕ್ಕೇ ಎಲ್ಲ ಕಡೆ ಸಿಗುವುದು 72 ಇಂಚಿನದು, ಅಂದರೆ 6 ಅಡಿ. ನಮ್ಮಲ್ಲಿ ಟಬ್ ಎಲ್ಲಿದೆ? 7 ಅಡಿ ಎತ್ತರದ ಕಂಬಿಗೆ ಇದನ್ನು ನೇತುಹಾಕಿದರೆ ಕೆಳಗೆ ಒಂದಡಿ ಖಾಲಿ, ನೀರೆಲ್ಲ ಕಮೋಡಿನ ಕಡೆ. ಪರದೆ ನೇತುಹಾಕುವ ಬಳೆಯಿಂದ ನೆಲದವರೆಗೆ ಟೇಪ್ ಹಿಡಿದು ಅಳೆದು, ಎರಡು ಇಂಚು ಕಳೆದು ತನ್ನಿ. ಉದ್ದ ಜಾಸ್ತಿ ಇದ್ದರೆ ಟೈಲರ್ ಹತ್ರ ಮಡಚಿ ಹೊಲಿಸಿ, ಕತ್ತರಿಸಬೇಡಿ, ಆ ಮಡಿಕೆಯ ತೂಕವೇ ಉಪಯೋಗಕ್ಕೆ ಬರುತ್ತದೆ. ಹಗುರ ಪರದೆ ಶವರ್ ಬಿಟ್ಟ ಕೂಡಲೇ ಒಳಗೆ ಉಬ್ಬಿ ಕಾಲಿಗೆ ಅಂಟಿಕೊಳ್ಳುತ್ತದೆ ಅಲ್ವಾ, ಅದು ಯಾಕೆ ಅಂತ ತಲೆಕೆಡಿಸಿಕೊಂಡು ಸ್ವಲ್ಪಮಟ್ಟಿಗೆ ವಿವರಿಸಿದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಶ್ಮಿಟ್ ಎಂಬುವರಿಗೆ 2001ರಲ್ಲಿ ಇಗ್ ನೊಬೆಲ್ ಅನ್ನುವ ತಮಾಷೆಯ ಬಹುಮಾನವೇ ಸಿಕ್ಕಿತು! ಬೀಳುವ ನೀರು ಗಾಳಿಯನ್ನು ಸುಳಿಯಂತೆ ತಿರುಗಿಸುತ್ತದೆ, ಸುಳಿಯ ನಡುವೆ ಒತ್ತಡ ಕಮ್ಮಿ, ಪರದೆ ಅತ್ತ ವಾಲುತ್ತದೆ. ಇದನ್ನು ತಡೆಯಲು ಅಂಚಿನಲ್ಲಿ ಮ್ಯಾಗ್ನೆಟ್ ಇಟ್ಟು ಮಾರುತ್ತಾರೆ. ಕಬ್ಬಿಣದ ಟಬ್ಬಿಗಾದರೆ ಸರಿ, ನಮ್ಮ ಟೈಲ್ಸಿಗೆ ಅದು ಅಂಟುವುದಾದರೂ ಹೇಗೆ? ತುಕ್ಕಿನ ಕಲೆಯೊಂದು ಲಾಭ.

ತೊಳೆಯುವ ವಿಷಯದಲ್ಲಿ ನಮ್ಮ ದೊಡ್ಡ ಶತ್ರು ಬೋರ್‌ವೆಲ್ ನೀರು. ಉಪ್ಪು, ಸೋಪಿನ ಜಿಡ್ಡು ಎರಡೂ ಸೇರಿ ಬಟ್ಟೆ ಮೇಲೆ ಬಿಳಿ ಪದರ ಕಟ್ಟುತ್ತದೆ, ಬೂಷ್ಟು ಬೇರೂರುವುದು ಅದರ ಮೇಲೆಯೇ. ಅರ್ಧ ಬಕೆಟ್ ನೀರಿಗೆ ಒಂದೆರಡು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ. ಬಳೆಗಳನ್ನು ಮೊದಲೇ ತೆಗೆದಿಡಿ. ಆಮೇಲೆ ಎರಡು ಹಳೇ ಟವೆಲ್ ಜೊತೆ ಮೆಷಿನ್ನಿಗೆ ಹಾಕಿ, ಟವೆಲ್ಲೇ ಉಜ್ಜುವ ಕೆಲಸ ಮಾಡುತ್ತದೆ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಸ್ವಲ್ಪ ಪೌಡರ್. ಘಮಘಮ ಅನ್ನುವ ಕಂಫರ್ಟ್ ಥರದ್ದು ಬೇಡ, ಅದು ನೀರು ಜಾರುವ ಗುಣವನ್ನು ಕೆಡಿಸುತ್ತದೆ. ಡ್ರೈಯರ್ ಬೇಡ, ಹಿಂಡಲೂ ಬೇಡ, ಒದ್ದೆಯಾಗಿಯೇ ಕಂಬಿಗೆ ಹಾಕಿ. ಒಂದು ಎಚ್ಚರಿಕೆ ಮಾತ್ರ: ವಿನೆಗರ್ ಜೊತೆ ಬ್ಲೀಚಿಂಗ್ ಪೌಡರ್ ಅಪ್ಪಿತಪ್ಪಿಯೂ ಬೆರೆಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ, ಬಾಗಿಲು ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಸ್ನಾನ ಆದ ಮೇಲೆ ಪರದೆಯನ್ನು ಒಂದು ಮೂಲೆಗೆ ಗುಡ್ಡೆ ಹಾಕಬೇಡಿ, ಅಗಲವಾಗಿ ಎಳೆದು ಬಿಡಿ. ಎಕ್ಸಾಸ್ಟ್ ಫ್ಯಾನ್ ಸ್ವಲ್ಪ ಹೊತ್ತು ಓಡಲಿ. ಮಕ್ಕಳಿಗೆ ಇದನ್ನು ಕಲಿಸುವುದು ಕಷ್ಟ, ಗಂಡಸರಿಗೆ ಇನ್ನೂ ಕಷ್ಟ.

ಕೊನೆಗೆ ಅಂಗಡಿಯವರಲ್ಲಿ ಕೇಳಿಕೊಳ್ಳುವುದು ಇಷ್ಟೇ: 7 ಅಡಿಯದನ್ನೂ ಸ್ಟಾಕ್ ಇಡಿ, ಯಾವ ಬಟ್ಟೆ, ಮೆಷಿನ್ನಿಗೆ ಹಾಕಬಹುದೋ ಇಲ್ಲವೋ ಅನ್ನುವುದನ್ನು ಲೇಬಲ್ ಮೇಲೆ ಕನ್ನಡದಲ್ಲಿ ಹಾಕಿಸಿ.

– ನಿಮ್ಮ ಓದುಗರಲ್ಲೊಬ್ಬಳು, ಯಲಹಂಕ, ಬೆಂಗಳೂರು