ಲೈನ್ ನಿಂತರೆ ಎಂದು ಹೆದರಿದ ಮಗಳಿಗೆ

ಚಿ|| ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಬಂತು. ಊರಿನ ಸುದ್ದಿ ನಿಮ್ಮಪ್ಪ ಹೇಳಿಯೇ ಇರುತ್ತಾನೆ, ಅದನ್ನು ಬಿಡುತ್ತೇನೆ. ನಿಮ್ಮ ಕಾರ್ಖಾನೆಯ ವರ್ಕ್ಸ್ ಕಮಿಟಿಗೆ, ಅದೇ ಆಡಳಿತದವರೂ ಕೆಲಸಗಾರರೂ ಒಟ್ಟಿಗೆ ಕೂತು ಮಾತಾಡುವ ಸಮಿತಿಗೆ, ನಿನ್ನ ಹೆಸರು ಕೊಟ್ಟಿದ್ದಾರೆ ಅಂತ ಓದಿ ಹಿಗ್ಗಿದೆ. ಅದರ ಕೆಳಗಿನ ಸಾಲು ಮಾತ್ರ ರಾತ್ರಿ ನಿದ್ದೆ ಕೊಡಲಿಲ್ಲ: ‘ನಾನು ಬಾಯಿಬಿಟ್ಟು ಪ್ರೊಡಕ್ಷನ್ ಲೈನ್ ನಿಂತರೆ ಎಲ್ಲರ ಇನ್ಸೆಂಟಿವ್ ಹೋಗೋದು ನನ್ನಿಂದಲೇ ಅಲ್ವಾ ದೊಡ್ಡಪ್ಪ?’

ಇದೇ ಹೆದರಿಕೆ ನನಗೂ ಇತ್ತು ಮಗಳೇ.

ಪೀಣ್ಯದ ಕಾರ್ಖಾನೆಯಲ್ಲಿ ಲೇಥ್ ಮಿಷನ್ ನಡೆಸುವ ಟರ್ನರ್ ಆಗಿದ್ದಾಗ, 1986ರಲ್ಲಿ, ನಾನೂ ಅಂಥದೇ ಕಮಿಟಿಯಲ್ಲಿ ಕೂತವನು. ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಾದ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐನವರು 1980ರ ಡಿಸೆಂಬರ್‌ನಲ್ಲಿ ಶುರುಮಾಡಿದ 77 ದಿನದ ಮುಷ್ಕರ ಇನ್ನೂ ಎಲ್ಲರ ನೆನಪಲ್ಲಿತ್ತು. ಕೆಲಸಗಾರರ ಪ್ರತಿನಿಧಿ ಅಂದರೆ ಗೇಟು ಮುಚ್ಚಿಸುವವನು ಅಂತಲೇ ನಮ್ಮ ಫೋರ್‌ಮನ್ ಲೆಕ್ಕ. ‘ಕ್ಯಾಂಟೀನು, ಯೂನಿಫಾರ್ಮು ಕೇಳಪ್ಪ. ಪ್ರೊಡಕ್ಷನ್ ಮಾತು ಇಲ್ಲಿ ಬೇಡ’ ಅಂದರು. ನಾನು ತಲೆಯಾಡಿಸಿದೆ.

ನನ್ನ ಪಕ್ಕದ ಮಿಷನ್ನಿನಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರೊಬ್ಬರಿದ್ದರು. ಮಧ್ಯಾಹ್ನದ ಟೀ ಆದಮೇಲೆ ಮಿಷನ್ನಿನಲ್ಲಿ ಜಾಬನ್ನು, ಅಂದರೆ ಕಡೆಯುವ ಬಿಡಿಭಾಗವನ್ನು, ಹಿಡಿಯುವ ಚಕ್‌ನ ಹಿಡಿತ ಸಡಿಲವಾಗುತ್ತೆ, ಜಾಬ್ ಕೂದಲೆಳೆಯಷ್ಟು ಜಾರುತ್ತೆ ಅಂತ ಅವರಿಗೆ ಗೊತ್ತಾಗಿತ್ತು. ಮೈಕ್ರೋಮೀಟರ್ ನನ್ನ ಕೈಗಿಟ್ಟು ತೋರಿಸಿದರು. ‘ಮೀಟಿಂಗಲ್ಲಿ ಹೇಳು ಮಾರಾಯ’ ಅಂದರು. ಎರಡು ಮೀಟಿಂಗು ಕಳೆದವು. ಮಿಷನ್ ನಿಲ್ಲಿಸಿದರೆ ತಿಂಗಳ ಟಾರ್ಗೆಟ್ ಹೋಗುತ್ತೆ, ಬೈಗುಳ ನನ್ನ ತಲೆಗೆ ಬರುತ್ತೆ ಅಂತ ನಾನು ಸಾಂಬಾರಿನ ಮಾತಾಡಿ ಎದ್ದುಬಂದೆ. ಮೂರನೇ ತಿಂಗಳು ಒಂದಿಡೀ ಲಾಟ್ ಗಿರಾಕಿಯಿಂದ ವಾಪಸ್ ಬಂತು. ಒಂದೊಂದು ಜಾಬಿನ ಮೇಲೂ ಕೆಂಪು ಬಣ್ಣದ ಗೀಟು. ಅಜಾಗರೂಕತೆ ಅಂತ ಮೆಮೊ ಬಂದದ್ದು ಅವರಿಗೆ, ಇನ್‌ಕ್ರಿಮೆಂಟ್ ನಿಂತದ್ದೂ ಅವರದೇ. ಆಮೇಲೆ ಮಿಷನ್ ಬಿಚ್ಚಿ ನೋಡಿದರೆ ಎಣ್ಣೆ ಸೋರದಂತೆ ತಡೆಯುವ ಒಂದು ಆಯಿಲ್ ಸೀಲ್ ಹರಿದಿತ್ತು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು.

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ರಿಟೈರ್ ಆದಾಗ ಮನೆಗೆ ಊಟಕ್ಕೆ ಕರೆದಿದ್ದರು, ನಾನು ಹೋಗಲಿಲ್ಲ. ಹೋಗಬೇಕಿತ್ತು.

ಅದಕ್ಕೇ ನಿನ್ನ ಸಾಲು ಓದಿದಾಗ ಎದೆ ಧಸಕ್ಕೆಂದಿದ್ದು. ಅವತ್ತು ಪ್ರೊಡಕ್ಷನ್ ಬಿದ್ದದ್ದು ಯಾರೋ ಮಾತಾಡಿದ್ದಕ್ಕಲ್ಲ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಒಂದು ಕಾರು ಕಾರ್ಖಾನೆ ನನಗೆ ಆಗಾಗ ನೆನಪಾಗುತ್ತೆ. ಜನರಲ್ ಮೋಟರ್ಸ್ ಅದನ್ನು 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜತೆ ಸೇರಿ ಮತ್ತೆ ತೆರೆದಾಗ ಯೂನಿಯನ್ ಅದೇ, ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ. ತಪ್ಪು ಕಂಡ ಯಾರು ಬೇಕಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದಿತ್ತು. ಅಲ್ಲಿ ಗುಣಮಟ್ಟ ಏರಿತು, ಗೈರುಹಾಜರಿ ಇಳಿಯಿತು. ಯೂನಿಯನ್ ಒಂದರಿಂದಲೇ ಹೀಗಾಯಿತು ಅನ್ನಲಾರೆ, ಕೆಲಸದ ಕ್ರಮವೂ ಬದಲಾಗಿತ್ತು. ಆದರೆ ನೀನು ಯಾವುದಕ್ಕೆ ಹೆದರುತ್ತೀಯೋ ಅದನ್ನೇ ಅವರು ಕೆಲಸಗಾರರ ಕೈಗೆ ಕೊಟ್ಟರು ನೋಡು.

ಎಲ್ಲ ಕಮಿಟಿಯೂ ಹೀಗೆ ನಡೆಯಲ್ಲ, ಅದೂ ನಿಜ. ರಿಜಿಸ್ಟರಿಗೆ ಸಹಿ ಹಾಕಿಸೋಕೆ ಮಾತ್ರ ಕರೆಯುವ ಮೀಟಿಂಗುಗಳಲ್ಲಿ ನಾನೇ ಎಷ್ಟೋ ಗಂಟೆ ಕಳೆದಿದ್ದೇನೆ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ ಒಂದೆರಡು ಮಾತು. ದೂರು ತಂದವರಿಂದ ಶಿಫ್ಟು, ಮಿಷನ್ ನಂಬರು, ಹೊತ್ತು ಕೇಳಿ ಬರೆದುಕೋ. ಮೀಟಿಂಗ್‌ನ ನಡಾವಳಿಯಲ್ಲಿ ಅದು ಬಂದಿದೆಯಾ ಅಂತ ಓದಿಯೇ ಸಹಿ ಹಾಕು. ಸಂಬಳ, ಬೋನಸ್ ಯೂನಿಯನ್ ಮಾತಾಡುವ ವಿಷಯ, ಅದನ್ನು ಇಲ್ಲಿ ಎಳೆಯಬೇಡ. ಇನ್ನೊಂದು, ಆ ಕುರ್ಚಿ ಯಾರೂ ನಿನಗೆ ಉಪಕಾರ ಮಾಡಿ ಕೊಟ್ಟದ್ದಲ್ಲ. 100 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಇಂಥ ಕಮಿಟಿ ಮಾಡಿಸಲು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದ್ದ ಅವಕಾಶ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿದೆ. ಕಮಿಟಿಯಲ್ಲಿ ನಿಮ್ಮ ಕಡೆಯವರ ಸಂಖ್ಯೆ ಆಡಳಿತದವರಿಗಿಂತ ಕಡಿಮೆ ಇರಕೂಡದು.

ಲೈನ್ ನಿಂತರೆ ಅಂತ ಮತ್ತೆ ಹೆದರಿಕೆಯಾದರೆ, ಯಾರು ಬಂದು ಏನು ತೋರಿಸಿದರು ಅಂತ ನನಗೆ ಬರಿ. ಮೊದಲ ಮೀಟಿಂಗ್ ಮುಗಿದ ದಿನ ಫೋನ್ ಮಾಡು. ಸೆಕೆಂಡ್ ಶಿಫ್ಟ್ ಆದರೂ ಪರವಾಗಿಲ್ಲ, ಎದ್ದಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ