ಮನೆ ಉಳಿಯಿತು, ಗೆಳೆಯಾ

ಪ್ರೀತಿಯ ಕ್ಯಾಪ್ಟನ್,

ಮನೆ ಈಗ ನನ್ನೊಬ್ಬಳ ಹೆಸರಿನಲ್ಲಿದೆ. ನೀನು ಫೋನಿನಲ್ಲಿ ಕೇಳಿದಾಗ ‘ಎಲ್ಲ ಮುಗಿಯಿತು’ ಎಂದಷ್ಟೇ ಹೇಳಿ ಸೌತೆಕಾಯಿಯ ಮಾತೆತ್ತಿದೆ, ನೀನೂ ನಕ್ಕು ಸುಮ್ಮನಾದೆ. ಮುಗಿದದ್ದು ಹೇಗೆಂದು ಬರೆದೇ ತಿಳಿಸಬೇಕೆನ್ನಿಸಿತು. ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತಿರುವುದಕ್ಕೂ ಕಾರಣವಿದೆ: ಗಂಡನಿಂದ ಬೇರೆಯಾದ ಮೇಲೆ ಸಾಲದ ಮನೆಯನ್ನು ಏನು ಮಾಡುವುದೆಂದು ತಿಳಿಯದೆ, ಯಾರನ್ನೂ ಬಾಯಿಬಿಟ್ಟು ಕೇಳಲಾರದೆ ಕುಳಿತಿರುವ ಹೆಂಗಸರು ನನ್ನ ಬಳಗದಲ್ಲೇ ಇದ್ದಾರೆ.

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ನಾನೂ ಗಂಡನೂ ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದೆವು. ತೀರ್ಪಿಗೆ ಮುನ್ನ ಕಾಯಬೇಕಾದ ಆರು ತಿಂಗಳನ್ನು, ಸುಪ್ರೀಂ ಕೋರ್ಟಿನ 2017ರ ತೀರ್ಪಿನಂತೆ, ತಕ್ಕ ಕಾರಣವಿದ್ದರೆ ನ್ಯಾಯಾಲಯ ಮನ್ನಾ ಮಾಡಬಹುದು. ಆದರೆ ಮನೆಯ ಲೆಕ್ಕ ತೀರಿಸಿಕೊಳ್ಳಲು ನಮಗೆ ಆ ಆರು ತಿಂಗಳೇ ಬೇಕಾಗಿತ್ತು. ‘ಮನೆಯೂ ಅವಳಿಗೆ, ಸಾಲವೂ ಅವಳಿಗೆ’ ಎಂದು ರಾಜಿಪತ್ರದಲ್ಲಿ ಬರೆದುಕೊಂಡರೆ ಸಾಕೆಂದು ಬಹಳ ಜನ ನಂಬಿರುತ್ತಾರೆ. ಬ್ಯಾಂಕು ಆ ರಾಜಿಗೆ ಕಕ್ಷಿದಾರನಲ್ಲ. ಸಾಲಪತ್ರಕ್ಕೆ ಇಬ್ಬರೂ ಸಹಿ ಮಾಡಿದ್ದರೆ ಪೂರ್ತಿ ಸಾಲಕ್ಕೆ ಇಬ್ಬರೂ ಹೊಣೆ, ಮದುವೆ ಮುರಿದರೂ ಅದು ತಪ್ಪುವುದಿಲ್ಲ. ಒಬ್ಬರು ಕಂತು ತಪ್ಪಿಸಿದರೆ ಇನ್ನೊಬ್ಬರ ಸಿಬಿಲ್ ಅಂಕವೂ (ಸಾಲ ತೀರಿಸುವ ನಡವಳಿಕೆ ನೋಡಿ ಕೊಡುವ ಅಂಕ) ಕುಸಿಯುತ್ತದೆ. ಹಾಗಾಗಿ ಗಂಡನಾಗಿದ್ದವರು ತಮ್ಮ ಪಾಲಿನ ಹಕ್ಕು ಬಿಡುಗಡೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿಕೊಡಬೇಕು, ಹಳೆಯ ಸಾಲ ತೀರಬೇಕು, ನನ್ನೊಬ್ಬಳ ಸಂಬಳದ ಮೇಲೆ ಹೊಸ ಸಾಲ ಹುಟ್ಟಬೇಕು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಅಷ್ಟು ಭಾರ ಕಡಿಮೆಯಾಯಿತು.

ಫ್ಲ್ಯಾಟಿನ ಬೆಲೆ 90 ಲಕ್ಷ ಎಂದು ಇಬ್ಬರೂ ಒಪ್ಪಿದೆವು. ಸಾಲ 40 ಲಕ್ಷ ಉಳಿದಿತ್ತು, ಮಿಕ್ಕ 50ರಲ್ಲಿ ಅವರ ಅರ್ಧ 25. ಒಟ್ಟು 65 ಲಕ್ಷ ಬೇಕು. ನನ್ನ ಸಂಬಳ ನೋಡಿ ಹೊಸ ಬ್ಯಾಂಕು ಕೊಡಲೊಪ್ಪಿದ್ದು 48 ಲಕ್ಷ. ಶೇಕಡಾ 8.5ರ ಬಡ್ಡಿಗೆ ಇಪ್ಪತ್ತು ವರ್ಷ, ತಿಂಗಳ ಕಂತು ಸುಮಾರು 41,650 ರೂಪಾಯಿ. ನನ್ನ ಪಿ.ಎಫ್. ಹಣದಿಂದ ಸ್ವಲ್ಪ ತೆಗೆದೆ. ಮಿಕ್ಕದ್ದು ಅಮ್ಮನದು.

ಅಮ್ಮ ತೀರ್ಥಹಳ್ಳಿಯಲ್ಲಿ ಶಿಕ್ಷಕಿಯಾಗಿ 2021ರಲ್ಲಿ ನಿವೃತ್ತರಾದದ್ದು ನಿನಗೆ ಗೊತ್ತು. ಆಗ ಬಂದ ಹಣದಲ್ಲಿ 15 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟಿದ್ದರು. ಅಂದಿನ ದರ ಶೇಕಡಾ 7.4, ಮೂರು ತಿಂಗಳಿಗೊಮ್ಮೆ 27,750 ರೂಪಾಯಿ ಅವರ ಖಾತೆಗೆ ಬರುತ್ತಿತ್ತು. ಪಿಂಚಣಿ ಮನೆ ಖರ್ಚಿಗೆ, ಈ ಬಡ್ಡಿ ಅವರ ಸ್ವಂತಕ್ಕೆ: ಅಕ್ಕನ ಮಕ್ಕಳ ಹುಟ್ಟುಹಬ್ಬಕ್ಕೆ, ಕಣ್ಣಿನ ಡಾಕ್ಟರಿಗೆ, ವರ್ಷಕ್ಕೊಂದು ಯಾತ್ರೆಗೆ. ಅವಧಿ ಮುಗಿಯುವ ಮೊದಲೇ ಖಾತೆ ಮುಚ್ಚಿದ್ದರಿಂದ ಅಸಲಿನಲ್ಲಿ ಶೇಕಡಾ ಒಂದರಂತೆ 15,000 ರೂಪಾಯಿ ಕಡಿತವಾಯಿತು. ‘ಹೋಗಲಿ ಬಿಡು’ ಎಂದು ಅಮ್ಮ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಬ್ಯಾಂಕಿನವರು ಉಡುಗೊರೆ ಪತ್ರ ಕೇಳಿದರು. ತಾಯಿ ಮಗಳಿಗೆ ಕೊಟ್ಟ ಹಣಕ್ಕೆ, ಅದೆಷ್ಟೇ ಇರಲಿ, ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೆ ಅದು ಕೈಸಾಲವಾದರೆ ನನ್ನ ಋಣದ ಲೆಕ್ಕಕ್ಕೆ ಸೇರಿ ಬ್ಯಾಂಕು ಕೊಡುವ ಸಾಲದ ಮೊತ್ತ ಇಳಿದುಬಿಡುತ್ತದೆ. ಆದ್ದರಿಂದ ಪತ್ರದಲ್ಲಿ ‘ಈ ಹಣದ ಮೇಲಾಗಲಿ, ಇದರಿಂದ ಕೊಂಡ ಆಸ್ತಿಯ ಮೇಲಾಗಲಿ ನನಗೆ ಯಾವುದೇ ಹಕ್ಕಿರುವುದಿಲ್ಲ’ ಎಂಬ ಸಾಲು ಇರಲೇಬೇಕಿತ್ತು. ಅಮ್ಮ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿದರು, ‘ಮೇಲಾಗಲೀ’ ಎಂದಿದ್ದ ಕಡೆ ಪೆನ್ನಿನಿಂದ ದೀರ್ಘ ತೆಗೆದು ತಿದ್ದಿದರು, ಆಮೇಲೆ ಸಹಿ ಹಾಕಿದರು. ತಿದ್ದುಪಡಿಯಿದ್ದ ಪತ್ರ ನಡೆಯುವುದಿಲ್ಲವೆಂದು ಇನ್ನೊಂದು ಪ್ರತಿ ತೆಗೆಸಬೇಕಾಯಿತು. ಹಾಗಾಗಿ ಆ ಸಾಲಿಗೆ ಅವರು ಎರಡು ಸಲ ಸಹಿ ಹಾಕಿದ್ದಾರೆ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೆಯ ಕಲಮಿನ ವಿಷಯ ನನಗೆ ಹೇಳಿಕೊಟ್ಟವನು ನೀನೇ: ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತು ಹಾಕಿ ಹಿರಿಯರು ಆಸ್ತಿ ಕೊಟ್ಟಿದ್ದರೆ, ಪಡೆದವರು ನಡೆಸಿಕೊಡದಿದ್ದಾಗ ಆ ವರ್ಗಾವಣೆಯನ್ನು ರದ್ದುಮಾಡಿಸಿಕೊಳ್ಳಬಹುದು. ಅಮ್ಮ ಯಾವ ಷರತ್ತನ್ನೂ ಹಾಕಲಿಲ್ಲ. ಈ ಮನೆಯಲ್ಲಿ ಇರಲು ಬರುತ್ತೇನೆಂದೂ ಅನ್ನಲಿಲ್ಲ. ಇನ್ನು ಮುಂದಿನದನ್ನು ನಿನಗೆ ಮಾತ್ರ ಹೇಳಬೇಕೆಂದಿದ್ದೆ, ಬರೆಯುತ್ತ ಬರೆಯುತ್ತ ಇಲ್ಲಿಯೇ ಬಂತು. ಹನ್ನೊಂದು ವರ್ಷ ಇನ್ನೊಬ್ಬರ ಮುಖ ನೋಡಿ ಬಾಗಿಲು ತೆರೆದವಳು ನಾನು. ಈಗ ಈ ಮನೆಯಲ್ಲಿ ಒಬ್ಬಳೇ ಇರುವುದು ನನಗೆ ಎಷ್ಟು ಇಷ್ಟವೆಂದರೆ, ಅಮ್ಮ ‘ಬಂದುಬಿಡಲೇ?’ ಎಂದು ಕೇಳಿಯಾರೆಂಬ ಭಯ ನನಗಿದೆ. ನನಗೆ ಇದು ಇಷ್ಟವೆಂದು ತಿಳಿದೇ ಅವರು ಕೇಳುತ್ತಿಲ್ಲವೇನೋ ಎಂಬುದು ಅದಕ್ಕಿಂತ ದೊಡ್ಡ ಭಯ. ಅವರಿಗೆ ಬೆನ್ನುನೋವು ಹೆಚ್ಚಾಗಿದೆಯೆಂದು ಅಕ್ಕ ಹೇಳಿ ಗೊತ್ತಾಯಿತು, ಅವರಾಗಿ ನನಗೆ ಹೇಳಲಿಲ್ಲ. ಹಣ ಕೊಟ್ಟ ಮೇಲೆ ನನ್ನೊಡನೆ ಮೊದಲಿಗಿಂತ ಅಳೆದು ಮಾತಾಡುತ್ತಾರೆ, ಎಲ್ಲಿ ಹಂಗಿಸಿದಂತಾಗುತ್ತದೋ ಎಂದು. ಕೊಟ್ಟವರೇ ಸಂಕೋಚಪಡುವುದನ್ನು ನೋಡಲು ನನ್ನಿಂದ ಆಗುತ್ತಿಲ್ಲ ಕಣೋ.

ಆದ್ದರಿಂದ ಒಂದು ಏರ್ಪಾಡು ಮಾಡಿದ್ದೇನೆ. ಪ್ರತಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಒಂದನೆಯ ತಾರೀಖು, ಅಂಚೆಯ ಬಡ್ಡಿ ಬರುತ್ತಿದ್ದ ದಿನವೇ, ನನ್ನ ಖಾತೆಯಿಂದ ಅಮ್ಮನ ಖಾತೆಗೆ 27,750 ರೂಪಾಯಿ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟೆ. ಇದನ್ನು ಸಾಲದ ಮರುಪಾವತಿ ಎಂದು ಯಾರೂ ಕರೆಯಬೇಕಿಲ್ಲ, ಮಗಳು ತಾಯಿಗೆ ಕಳಿಸುವ ಹಣ. ಕಂತಿನ ಜೊತೆ ತಿಂಗಳಿಗೆ ಇನ್ನೂ 9,250 ಸೇರಿದಂತಾಯಿತು, ಕಷ್ಟವಾಗುತ್ತದೆ, ಆದರೂ ನಡೆಸುತ್ತೇನೆ. ನಾನು ಮೊದಲು ಹೋದರೆ ಈ ಮನೆ ಅಮ್ಮನಿಗೆಂದು ಉಯಿಲು ಬರೆಯುವುದಿದೆ. ಕರಡನ್ನು ನೀನು ನೋಡಿಕೊಡಬೇಕು.

ಸಾಕು ಬಿಡು, ಬಹಳ ಭಾರವಾಯಿತು. ಬಾಲ್ಕನಿಯ ಹಳೆಯ ಕುರ್ಚಿಯನ್ನು ಕೊನೆಗೂ ರಿಪೇರಿ ಮಾಡಿಸಿದ್ದೇನೆ, ನಿನ್ನ ಭಾರ ತಡೆಯುತ್ತದೆ. ದಸರಾ ರಜೆಗೆ ಅಮ್ಮನನ್ನು ಹದಿನೈದು ದಿನಕ್ಕೆಂದು ಕರೆದಿದ್ದೇನೆ, ‘ನೋಡೋಣ’ ಎಂದಿದ್ದಾರೆ. ನೀನು ಶಿವಮೊಗ್ಗದಿಂದ ಕಾರಿನಲ್ಲಿ ಬರುವವನಾದ್ದರಿಂದ ಹಾಗೇ ತೀರ್ಥಹಳ್ಳಿಗೆ ಹೋಗಿ ಅವರನ್ನು ಹತ್ತಿಸಿಕೊಂಡೇ ಬಾ. ನೀನು ಕರೆದರೆ ಇಲ್ಲವೆನ್ನುವುದಿಲ್ಲ. ದಾರಿಯಲ್ಲಿ ಸೌತೆಕಾಯಿಯ ಕಥೆ ಮಾತ್ರ ತೆಗೆಯಬೇಡ.

ನಿನ್ನ,
ಫಸ್ಟ್ ಮೇಟ್