ಕಟ್ಟಡ ದುರಸ್ತಿಗೆ ಮುನ್ನ ಒಳಗಿನ ಸರಳನ್ನು ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಮುಂಬಯಿ, ಠಾಣೆ, ಡೊಂಬಿವಲಿಗಳ ಹಳೆಯ ಕಟ್ಟಡಗಳಲ್ಲಿ ಸಜ್ಜಾ ಕುಸಿದ, ಬಾಲ್ಕನಿಯ ತುಂಡು ಕಳಚಿಬಿದ್ದ ಸುದ್ದಿಗಳು ತಪ್ಪದೆ ಬರುತ್ತವೆ. ದುರಸ್ತಿ ಕಂಡ ಕಟ್ಟಡಗಳಲ್ಲೂ ಹೀಗಾಗುವುದುಂಟು. ಏಕೆಂದರೆ ಅನೇಕ ಸೊಸೈಟಿಗಳಲ್ಲಿ ದುರಸ್ತಿ ಎಂದರೆ ಬಿರುಕಿಗೆ ಗಾರೆ ಮೆತ್ತಿ ಬಣ್ಣ ಬಳಿಯುವುದು ಎಂದೇ ಆಗಿಬಿಟ್ಟಿದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೆ ತುಕ್ಕು ಏಕೆ ಹಿಡಿಯಿತು ಎಂಬ ಪ್ರಶ್ನೆಯನ್ನು ಸಾಮಾನ್ಯ ಸಭೆಯಲ್ಲಿ ಎತ್ತುವವರು ವಿರಳ. ಆ ಪ್ರಶ್ನೆಗೆ ಲೋಹವಿಜ್ಞಾನದಲ್ಲಿ ಸ್ಪಷ್ಟವಾದ ಉತ್ತರವಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬಹುತೇಕ ಲೋಹಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತವೆ; ಲೋಹ ಎಷ್ಟು ಕಾಲ ಬಾಳುತ್ತದೆ ಎಂಬುದು ಆ ಪೊರೆಯ ಗುಣವನ್ನು ಅವಲಂಬಿಸಿದೆ. ಅಲ್ಯೂಮಿನಿಯಂ ಮೇಲಿನ ಪೊರೆ ಕೆಲವೇ ನ್ಯಾನೊಮೀಟರ್ ದಪ್ಪವಿದ್ದರೂ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಗೀರಿದರೆ ಕೂಡಲೇ ಮತ್ತೆ ಮೂಡುತ್ತದೆ. ಶೇ. 10.5ಕ್ಕಿಂತ ಹೆಚ್ಚು ಕ್ರೋಮಿಯಂ ಬೆರೆತ ಉಕ್ಕು ಸ್ಟೇನ್‌ಲೆಸ್ ಎನಿಸಿಕೊಳ್ಳುವುದೂ ಇಂಥದೇ ಪೊರೆಯ ಬಲದಿಂದ. ತೇವದಲ್ಲಿರುವ ಸಾಧಾರಣ ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಅದರ ತುಕ್ಕು ತೂತುತೂತಾಗಿ, ಸಡಿಲವಾಗಿ, ನೀರನ್ನೂ ಗಾಳಿಯನ್ನೂ ಒಳಗೆ ಬಿಡುತ್ತಲೇ ಇರುತ್ತದೆ.

ಆದರೆ ಕಬ್ಬಿಣಕ್ಕೂ ರಕ್ಷಾಪೊರೆ ಕಟ್ಟಿಕೊಳ್ಳುವ ಶಕ್ತಿಯಿದೆ. ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಭರದಿಂದ ಕರಗುವ ಕಬ್ಬಿಣವನ್ನು ಮೊದಲು ಪ್ರಬಲ ನೈಟ್ರಿಕ್ ಆಮ್ಲದಲ್ಲಿ ಅದ್ದಿದರೆ, ಆಮೇಲೆ ದುರ್ಬಲ ಆಮ್ಲವೂ ಅದನ್ನು ಮುಟ್ಟುವುದಿಲ್ಲ. ಒಂದು ಗೀರು ಬಿದ್ದರೆ ಸಾಕು, ಕರಗುವಿಕೆ ಮತ್ತೆ ಶುರುವಾಗುತ್ತದೆ. 1836ರಲ್ಲಿ ವಿಜ್ಞಾನಿಗಳಾದ ಷೋನ್‌ಬೈನ್ ಮತ್ತು ಫ್ಯಾರಡೆ ಈ ವಿಚಿತ್ರವನ್ನು ಚರ್ಚಿಸಿದಾಗ, ಮೇಲ್ಮೈಯ ಆಕ್ಸಿಡೀಕರಣವೇ ಇದಕ್ಕೆ ಕಾರಣವೆಂದು ಫ್ಯಾರಡೆ ಊಹಿಸಿದ್ದರು. ಆಮ್ಲವಿಲ್ಲದೆಯೇ ಇದೇ ಉಪಕಾರವನ್ನು ಸಿಮೆಂಟು ಮಾಡುತ್ತದೆ. ಗಟ್ಟಿಯಾಗುವಾಗ ಹುಟ್ಟುವ ಸುಣ್ಣದಿಂದಾಗಿ ಒಳ್ಳೆಯ ಕಾಂಕ್ರೀಟಿನ ಪಿಎಚ್ (ಆಮ್ಲ-ಕ್ಷಾರಗಳ ಅಳತೆ; ಏಳಕ್ಕಿಂತ ಮೇಲೇರಿದಷ್ಟೂ ಕ್ಷಾರ ಹೆಚ್ಚು) ಹನ್ನೆರಡೂವರೆಯಿಂದ ಹದಿಮೂರರಷ್ಟಿರುತ್ತದೆ. ಆ ತೀವ್ರ ಕ್ಷಾರದಲ್ಲಿ ಸರಳಿನ ಮೈಮೇಲೆ ತೆಳುವಾದ, ದಟ್ಟವಾದ ಪೊರೆ ನೆಲೆಗೊಂಡು, ಅದನ್ನು ದಶಕಗಳ ಕಾಲ ಕಾಯುತ್ತದೆ.

ಈ ಪೊರೆಯನ್ನು ಕೆಡಿಸುವವು ಮುಖ್ಯವಾಗಿ ಎರಡು. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷದಿಂದ ವರ್ಷಕ್ಕೆ ಒಳಕ್ಕಿಳಿದು, ಸುಣ್ಣದೊಂದಿಗೆ ವರ್ತಿಸಿ ಪಿಎಚ್ ಅನ್ನು ಒಂಬತ್ತಕ್ಕಿಂತ ಕೆಳಗೆ ತರುತ್ತದೆ. ಎರಡನೆಯದು ಉಪ್ಪಿನಲ್ಲಿರುವ ಕ್ಲೋರೈಡ್. ಅದು ಕಡಲ ಗಾಳಿಯಿಂದ ಬರಬಹುದು, ಕಟ್ಟುವಾಗ ಬಳಸಿದ ಉಪ್ಪುನೀರಿನಿಂದಲೋ ತೊಳೆಯದ ಕಡಲ ಮರಳಿನಿಂದಲೋ ಬಂದಿರಬಹುದು. ಕಾಂಕ್ರೀಟು ಕ್ಷಾರೀಯವಾಗಿಯೇ ಇದ್ದರೂ ಕ್ಲೋರೈಡ್ ಪೊರೆಯನ್ನು ಅಲ್ಲಲ್ಲಿ ಚುಚ್ಚಿ, ಆ ಜಾಗದಲ್ಲೇ ಆಳವಾದ ಗುಳಿ ಕೊರೆಯುವುದರಿಂದ ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಅಪಾಯಕಾರಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ, ಕೊನೆಗೆ ಸರಳಿನ ಉದ್ದಕ್ಕೂ ಕಾಂಕ್ರೀಟು ಸೀಳಿ ಉದುರುತ್ತದೆ.

ನಮ್ಮ ಸೊಸೈಟಿಯ ಮೆಟ್ಟಿಲ ಬಳಿಯ ಕಂಬವೊಂದನ್ನು ಒಡೆದು, ಹೊಸ ಮುರಿತದ ಮೇಲೆ, ಕ್ಷಾರ ಉಳಿದಿರುವ ಕಡೆ ಮಾತ್ರ ಗುಲಾಬಿಯಾಗುವ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಒಳಭಾಗವೆಲ್ಲ ಕಡು ಗುಲಾಬಿಗೆ ತಿರುಗಿತು. ಹೊರ ಅಂಚು ಮಾತ್ರ ಬೂದು ಬಣ್ಣದಲ್ಲೇ ಉಳಿಯಿತು. ಸರಳು ಇದ್ದದ್ದು ಆ ಬೂದು ಅಂಚಿನಲ್ಲಿ, ಅದರ ಹೊರಮೈ ಪದರ ಪದರವಾಗಿ ಕೈಗೆ ಬರುತ್ತಿತ್ತು. ಇಷ್ಟು ಸುಲಭವಾದ, ಅಗ್ಗವಾದ ಪರೀಕ್ಷೆಯನ್ನು ಕೈಬಿಡಲು ಯಾವ ಕಾರಣವೂ ಇಲ್ಲ. ಇದು ಕ್ಲೋರೈಡನ್ನು ತೋರಿಸುವುದಿಲ್ಲವಾದ್ದರಿಂದ, ಬೇರೆ ಬೇರೆ ಆಳದಿಂದ ಡ್ರಿಲ್ ಮಾಡಿ ತೆಗೆದ ಪುಡಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲೇಬೇಕು.

ಕಾರಣ ತಿಳಿಯದೆ ಮಾಡಿದ ತೇಪೆ ಕೆಲವೊಮ್ಮೆ ಹಾನಿಯನ್ನೇ ಹೆಚ್ಚಿಸುತ್ತದೆ. ಹೊಸ ಗಾರೆಯೊಳಗಿನ ಸರಳು ಸುರಕ್ಷಿತವಾಗುತ್ತದೆ, ಆದರೆ ಪಕ್ಕದ ಹಳೆಯ, ಉಪ್ಪು ಸೇರಿದ ಕಾಂಕ್ರೀಟಿನಲ್ಲಿರುವ ಅದೇ ಸರಳಿನ ಭಾಗ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಮೊದಲಿಗಿಂತ ಬೇಗ ಸವೆಯತೊಡಗುತ್ತದೆ. ಆದ್ದರಿಂದ ಕೆಟ್ಟ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಒಡೆದು ತೆಗೆಯಬೇಕು, ತುಕ್ಕನ್ನು ಲೋಹ ಹೊಳೆಯುವವರೆಗೆ ತಿಕ್ಕಬೇಕು, ತೀರ ಸವೆದಿದ್ದರೆ ಹೊಸ ಸರಳು ಜೋಡಿಸಬೇಕು. ರಕ್ಷಕ ಲೇಪನ, ಪಾಲಿಮರ್ ಗಾರೆ, ಬಣ್ಣಗಳ ಸರದಿ ಆಮೇಲಿನದು.

ಮೂವತ್ತು ವರ್ಷ ದಾಟಿದ ಕಟ್ಟಡಗಳಿಗೆ ಮುಂಬಯಿಯಲ್ಲಿ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಭದ್ರತೆಯ ತಪಾಸಣೆ, ಕಡ್ಡಾಯ. ಸೊಸೈಟಿಗಳಲ್ಲಿ ಕಾರ್ಯದರ್ಶಿ, ಖಜಾಂಚಿಗಳಾಗಿ ದುಡಿಯುತ್ತಿರುವ ನಮ್ಮ ಕನ್ನಡಿಗರು ಮತ್ತು ಹಳೆಯ ಕಟ್ಟಡಗಳನ್ನು ಹೊಂದಿರುವ ಕನ್ನಡ ಸಂಘಗಳ ಪದಾಧಿಕಾರಿಗಳು ಆ ವರದಿಯಲ್ಲಿ ಈ ಎರಡು ಪರೀಕ್ಷೆಗಳ ಫಲಿತಾಂಶವನ್ನು, ಯಾವ ಮಹಡಿಯ ಯಾವ ಕಂಬ, ಯಾವ ತೊಲೆ ಎಂಬ ವಿವರದೊಂದಿಗೆ ಕೇಳಿ ಪಡೆಯಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ. ಅದು ಕೈಸೇರುವವರೆಗೆ ಟೆಂಡರ್ ಕರೆಯುವುದು ಬೇಡ.

ಇತಿ,
ತಮ್ಮ ಓದುಗ,
ಡೊಂಬಿವಲಿ